ಅಮ್ಮ ಬಿಟ್ಟುಹೋದ ಗಂಟು

ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರೊಂದು ಇದ್ದೇ ಇರಬೇಕು, ಆದರೆ ಅದನ್ನು ಹಿಡಿದು ಕೂಗುವವರು ಯಾರೂ ಉಳಿದಿರಲಿಲ್ಲ. ತಂಗಿ ಅಕ್ಕ ಎನ್ನುತ್ತಿದ್ದಳು, ತಂಗಿಯ ಗಂಡನೂ ಅಕ್ಕ ಎನ್ನುತ್ತಿದ್ದ. ಲಾಂಡ್ರಿಯ ಮಾಲೀಕ ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವನು, ಅವನೂ ನಾಚಿಕೆಯಿಲ್ಲದೆ ಅಕ್ಕ ಎನ್ನುತ್ತಿದ್ದ. ಹೀಗೆ ಬೀದಿಗೆಲ್ಲ ಅಕ್ಕನಾದರೂ ಅವಳು ನಿಜಕ್ಕೂ ಅಕ್ಕನಾಗಿದ್ದದ್ದು ಒಬ್ಬಳಿಗೇ, ಪುಟ್ಟಿಗೆ. ಪುಟ್ಟಿಗೆ ಐವತ್ತು ದಾಟಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು, ಆದರೂ ಪುಟ್ಟಿಯೇ. ಪುಟ್ಟಿಯ ಮೇಲೆ ತನಗಿರುವ ಹಕ್ಕಿಗೆ ಯಾರಾದರೂ ಕೈ ಹಾಕಿದರೆ ಅಕ್ಕ ಸುಮ್ಮನಿರುವ ಹೆಂಗಸಲ್ಲ.

ಲಾಂಡ್ರಿಯಲ್ಲಿ ಅಕ್ಕನದು ಶರ್ಟುಗಳ ಕೆಲಸ. ಹಿಂದಿನ ಕೋಣೆಯಲ್ಲಿ ಮಂಚದಷ್ಟು ದೊಡ್ಡದೊಂದು ಇಸ್ತ್ರಿ ಯಂತ್ರವಿತ್ತು. ಶರ್ಟನ್ನು ಹಾಸಿ ಬಲಗಾಲಿನಲ್ಲಿ ಪೆಡಲ್ ಒತ್ತಿದರೆ ಮೇಲಿನ ಹಲಗೆ ಇಳಿದು ಬುಸ್ಸೆಂದು ಆವಿ ಬಿಡುತ್ತಿತ್ತು. ಕಾಲರಿಗೊಂದು ಒತ್ತು, ತೋಳುಗಳಿಗೊಂದೊಂದು, ಬೆನ್ನಿಗೊಂದು. ಬೆಳಗ್ಗೆ ನಿಂತರೆ ಮಧ್ಯಾಹ್ನದ ಊಟಕ್ಕೇ ಕೂರುವುದು. ಅಕ್ಕ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರೆ ಮುಖದ ಸುಕ್ಕೂ ಹೋಗುತ್ತದೆ ಎಂದು ಮಾಲೀಕ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಆ ಪೆಡಲ್ ಒತ್ತುವ ಕಾಲು ಹೇಗಿದೆ ಎಂದು ಮಾತ್ರ ಅವನು ಒಂದು ದಿನವೂ ಬಗ್ಗಿ ನೋಡಿದವನಲ್ಲ.

ನೋಡಿದ್ದರೆ ಗಂಟು ಕಾಣುತ್ತಿತ್ತು. ಹೆಬ್ಬೆರಳ ಬುಡದಲ್ಲಿ ಪಾದದ ಒಳಬದಿಗೆ ಮೂಳೆ ಬಾಗಿ ಎದ್ದು ನಿಂತಿತ್ತು. ಅದರ ಮೇಲಿನ ಚರ್ಮ ಕೆಂಪಗೆ ಹೊಳೆಯುತ್ತಿತ್ತು. ಹೆಬ್ಬೆರಳೋ ತನ್ನ ಜಾಗ ಬಿಟ್ಟು ಪಕ್ಕದ ಬೆರಳ ಮೇಲೆ ಒರಗಿಕೊಂಡು, ಬಸ್ಸಿನಲ್ಲಿ ನಿದ್ದೆ ಹೋದವನ ಹಾಗೆ ಮಲಗಿತ್ತು. ಎಡಗಾಲಿನಲ್ಲೂ ಒಂದಿತ್ತು, ಸ್ವಲ್ಪ ಸಾಧು. ಪುಟ್ಟಿಗೂ ಎರಡು, ಎಡಗಾಲಿನದು ಹೆಸರಿಗಷ್ಟೇ. ಅದು ಅವರ ಅಮ್ಮನ ಕಡೆಯಿಂದ ಬಂದದ್ದು.

ಅಮ್ಮ ತೀರಿಕೊಂಡಾಗ ಬಂದಿದ್ದ ದೂರದ ಅತ್ತೆಯೊಬ್ಬಳು ಅಳು ಮುಗಿಯುವುದನ್ನೂ ಕಾಯದೆ, “ನಿಮ್ಮಮ್ಮ ಗಂಟು ಗಿಂಟು ಏನಾದ್ರೂ ಬಿಟ್ಟು ಹೋಗಿದ್ದಾಳೇನ್ರೇ?” ಎಂದು ಕಿವಿಯಲ್ಲಿ ಕೇಳಿದ್ದಳು. ಅಕ್ಕ ತಂಗಿ ಮುಖ ಮುಖ ನೋಡಿಕೊಂಡು, ತುಟಿಪಿಟಕ್ಕೆನ್ನದೆ, ನಾಲ್ಕೂ ಕಾಲುಗಳನ್ನು ಅವಳ ಮುಂದೆ ಚಾಚಿದರು. ಅತ್ತೆಗೆ ಏನೂ ತಿಳಿಯಲಿಲ್ಲ. ಇಬ್ಬರೂ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕ ನಗುವನ್ನು ನೋಡಿದವರು ಪಾಪ, ತಾಯಿಯಿಲ್ಲದ ಮಕ್ಕಳು ಎಷ್ಟು ಅಳುತ್ತಿವೆ ಎಂದುಕೊಂಡರು. ಅಂದಿನಿಂದ ಅದಕ್ಕೆ ಅಮ್ಮನ ಗಂಟು ಎಂದೇ ಹೆಸರಾಯಿತು.

ಅಕ್ಕ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಕಾಲಿಗೂ ಜೋಡು ಸಿಗ್ಲಿಲ್ಲ, ನಂಗೂ ಜೋಡಿ ಸಿಗ್ಲಿಲ್ಲ.” ಕೇಳಿದವರು ನಗುತ್ತಿದ್ದರು, ಮುಂದೆ ಕೇಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದೂ ಅದೇ. ಅವಳ ಮನೆಯೆಂದರೆ ಕಟ್ಟಡದಲ್ಲಿ ಬೀದಿಗಿಂತ ಅರ್ಧಾಳು ತಗ್ಗಿನಲ್ಲಿದ್ದ ನೆಲಮಹಡಿಯ ಒಂದು ಕೋಣೆ, ಬೀದಿಗೆ ತೆರೆದ ಒಂದು ಕಿಟಕಿ. ಪುಟ್ಟಿ ಮತ್ತು ಅವಳ ಗಂಡ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದರು. ಪುಟ್ಟಿ ಬ್ರೆಡ್ಡಿನ ಅಂಗಡಿಯ ಗಲ್ಲೆಯಲ್ಲಿ ನಿಲ್ಲುತ್ತಿದ್ದಳು, ಗಂಡ ಅದೇ ಅಂಗಡಿಯ ವ್ಯಾನು ಓಡಿಸುತ್ತಿದ್ದ.

ದಿನವೂ ಸಂಜೆ ಕೆಲಸ ಮುಗಿಸಿ ಬಂದ ಪುಟ್ಟಿ ಮೇಲೆ ಹತ್ತುವ ಮೊದಲು ಅಕ್ಕನ ಕೋಣೆಗೆ ನುಗ್ಗುತ್ತಿದ್ದಳು. ಅಷ್ಟರಲ್ಲಿ ಅಕ್ಕ ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿನೀರು ಹೊಯ್ದು ಉಪ್ಪು ಹಾಕಿಟ್ಟಿರುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ನಾಲ್ಕು ಕಾಲುಗಳನ್ನು ಒಂದೇ ಟಬ್ಬಿಗೆ ಇಳಿಬಿಡುತ್ತಿದ್ದರು. ಇದಕ್ಕೆ ಅವರಲ್ಲಿ ‘ಗಂಟು ನೆನೆಹಾಕೋದು’ ಎಂದು ಹೆಸರು. ಗಂಟು ನೆನೆಯುವಷ್ಟು ಹೊತ್ತು ಬಾಯಿಗೆ ಬಿಡುವಿರುತ್ತಿರಲಿಲ್ಲ. ಗಿರಾಕಿಗಳನ್ನು ಬಯ್ಯುವುದು, ಗಂಡನನ್ನು ಆಡಿಕೊಳ್ಳುವುದು, ಎರಡನೇ ಮಹಡಿಯ ಔಷಧಿ ಅಂಗಡಿಯವಳ ಜಂಬದ ಬಗ್ಗೆ ಮಾತಾಡುವುದು. ನೀರು ತಣ್ಣಗಾದ ಮೇಲೂ ಅಕ್ಕ ಏಳುತ್ತಿರಲಿಲ್ಲ. ಹಗಲಿಡೀ ಅವಳು ನಿಲ್ಲುತ್ತಿದ್ದುದೇ ಈ ಹೊತ್ತಿಗಾಗಿ.

ಹಾಗಿರುವಾಗ ಒಂದು ಸಂಜೆ ಪುಟ್ಟಿ ನೀರಿನೊಳಗೆ ಬೆರಳಾಡಿಸುತ್ತ, “ಅಕ್ಕಾ, ಬಲಗಾಲಿಂದು ಆಪರೇಷನ್ ಮಾಡಿಸ್ಕೋತಿದೀನಿ. ಡಾಕ್ಟ್ರಿಗೆ ತೋರಿಸ್ಕೊಂಡೂ ಬಂದೆ,” ಎಂದಳು.

“ಯಾವಾಗ ಹೋಗಿದ್ದೆ?”

“ಹೋದ ವಾರ.”

ಅಕ್ಕನಿಗೆ ಆಪರೇಷನ್ನಿಗಿಂತ ಮೊದಲು ಚುಚ್ಚಿದ್ದು ಆ ಹೋದ ವಾರ. ಹೋದ ವಾರವೂ ಪುಟ್ಟಿ ಇದೇ ಟಬ್ಬಿನಲ್ಲಿ ಕಾಲಿಟ್ಟು ಕೂತಿದ್ದಳು, ಒಂದು ಮಾತು ಹೇಳಿರಲಿಲ್ಲ. ಅಕ್ಕ ಮುಖ ಗಂಟಿಕ್ಕಿಕೊಂಡಳು.

“ಅಮ್ಮ ಕೊಟ್ಟಿದ್ದನ್ನ ಕೊಯ್ಸಿ ಎಸೀತೀಯಾ?”

“ಅಮ್ಮ ಕೊಟ್ಟಿದ್ದು ಬೇರೆ ಬೇಕಾದಷ್ಟಿದೆ ಬಿಡು, ನಿನ್ನ ಬಾಯಿ ಒಂದೇ ಸಾಕು,” ಎಂದಳು ಪುಟ್ಟಿ. “ಮೂಳೆ ಕತ್ತರಿಸಿ, ನೇರ ಮಾಡಿ, ಸ್ಕ್ರೂ ಹಾಕ್ತಾರಂತೆ. ಒಂದೂವರೆ ತಿಂಗಳು ಕಷ್ಟ. ಆಮೇಲೆ ನಿಂತ್ರೆ ನೋಯಲ್ಲ, ನಡೆದ್ರೆ ನೋಯಲ್ಲ. ನೀನೂ ಮಾಡಿಸ್ಕೊಳ್ಳೇ.”

“ನಂದೇನು ಮಹಾ. ನಂಗೇನೂ ಅಷ್ಟು ನೋವಿಲ್ಲ.”

ಇದು ಅಪ್ಪಟ ಸುಳ್ಳು. ನಾಲ್ಕು ಗಂಟುಗಳಲ್ಲಿ ದೊಡ್ಡದು ಅಕ್ಕನ ಬಲಗಾಲಿನದು, ಅದು ಟಬ್ಬಿನಲ್ಲಿ ಎದ್ದು ಕಾಣುತ್ತಿತ್ತು. ಒಳಗೊಳಗೇ ಅವಳಿಗೆ ಉರಿದದ್ದೂ ಅದಕ್ಕೇ. ದೊಡ್ಡವಳು ತಾನು, ದೊಡ್ಡ ಗಂಟು ತನ್ನದು, ಹಾಗಿರುವಾಗ ಡಾಕ್ಟರ ಹತ್ತಿರ ಮೊದಲು ಹೋದವಳು ಅವಳು. ಹಾಗಂತ ತಾನು ಹೋಗುವ ಧೈರ್ಯವೂ ಇರಲಿಲ್ಲ. ಕತ್ತರಿಸಿಕೊಂಡು ಬಂದು ಈ ಕೋಣೆಯಲ್ಲಿ ಮಲಗಿದರೆ ಒಂದು ಲೋಟ ನೀರು ಕೊಡುವವರು ಯಾರು? ಪುಟ್ಟಿಗೆ ಗಂಡನಿದ್ದಾನೆ. ಗಂಡನಿಲ್ಲದಿದ್ದರೆ ಅಕ್ಕನಿದ್ದಾಳೆ. ತನಗೆ ಯಾರಿದ್ದಾರೆ ಎಂದು ಕೇಳಲು ಬಾಯಿ ಬರಲಿಲ್ಲ, ಯಾಕೆಂದರೆ ಎದುರಿಗೆ ಕೂತವಳು ತಾನಾಗಿ ‘ನಾನಿದೀನಲ್ಲ’ ಎನ್ನಲಿಲ್ಲ.

ಆಸ್ಪತ್ರೆಗೆ ಅಕ್ಕನೇ ಹೋದಳು. ಪುಟ್ಟಿಯ ಗಂಡ ರಕ್ತದ ಹೆಸರು ಕೇಳಿದರೆ ಕಾಲಿಗೆ ಬುದ್ಧಿ ಹೇಳುವ ಜಾತಿ, ವ್ಯಾನಿನಲ್ಲೇ ಕೂತಿದ್ದ. ಪುಟ್ಟಿಯ ಬಟ್ಟೆ, ಫೋನು, ಕನ್ನಡಕ, ಕಿವಿಯ ಓಲೆ ಎಲ್ಲ ಅಕ್ಕನ ಚೀಲದಲ್ಲಿದ್ದವು. ಒಳಗೆ ಕರೆದೊಯ್ಯುವ ಮುಂಚೆ ಕಿಟಕಿಯಾಚೆಯ ಹುಡುಗಿ ಫೋನ್ ನಂಬರ್ ಕೇಳಿದಳು. ಅಕ್ಕ ರೂಢಿಯಂತೆ ತನ್ನದೇ ನಂಬರು ಹೇಳಿದಳು. ಅವಳಿಗೆ ಬಾಯಿಪಾಠ ಇದ್ದದ್ದು ಅದೊಂದೇ. ಎರಡನೆಯದು ಕೇಳಿದಾಗ ಪುಟ್ಟಿಯ ಗಂಡನದನ್ನು ನೋಡಿ ಓದಿದಳು. ಆ ಕ್ಷಣದಲ್ಲಿ ಇದನ್ನು ತಪ್ಪು ಎಂದು ಯಾರೂ ಹೇಳುತ್ತಿರಲಿಲ್ಲ.

ಆಮೇಲಿನ ಒಂದೂವರೆ ತಿಂಗಳು ಅಕ್ಕನ ಬಾಳಿನಲ್ಲೇ ಸುಖದ ಕಾಲ. ಹೇಳಿದರೆ ಯಾರೂ ನಂಬಲಾರರು. ಕೆಲಸಕ್ಕೆ ಮುಂಚೆ ಮೂರು ಮಹಡಿ ಹತ್ತಿ ಪುಟ್ಟಿಯನ್ನು ಎಬ್ಬಿಸಿ, ಮುಖ ತೊಳೆಸಿ, ಕಾಲಿನ ಕೆಳಗೆ ದಿಂಬು ಜೋಡಿಸಿ ಬರುತ್ತಿದ್ದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮತ್ತೆ ಹತ್ತುತ್ತಿದ್ದಳು. ಸಂಜೆ ಬಂದು ರಾತ್ರಿ ಊಟದ ತನಕ ಅಲ್ಲೇ ಠಿಕಾಣಿ. ಗಂಡನಿಗೆ ಹತ್ತಿರ ಬರಲು ಬಿಡುತ್ತಿರಲಿಲ್ಲ. “ನಿನ್ನ ಕೈ ಒರಟು, ಬ್ರೆಡ್ಡಿನ ಪೆಟ್ಟಿಗೆ ಎತ್ತೋ ಕೈ,” ಎಂದು ದೂರ ತಳ್ಳುತ್ತಿದ್ದಳು. ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರು ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಲು ಹೇಳಿದರು. ಅಕ್ಕ ತೊಡೆಯ ಮೇಲೆ ಆ ಪಾದವಿಟ್ಟುಕೊಂಡು, ಗಾಯದ ಗೆರೆಯ ಪಕ್ಕದಲ್ಲಿ ಹೆಬ್ಬೆಟ್ಟನ್ನು ಮೇಲೆ ಕೆಳಗೆ ಆಡಿಸುತ್ತಿದ್ದಳು. “ಹಾಯಾಗಿದೆ ಅಕ್ಕಾ,” ಎನ್ನುತ್ತಿದ್ದಳು ಪುಟ್ಟಿ ಕಣ್ಣು ಮುಚ್ಚಿಕೊಂಡು. ಆ ಮಾತು ಕೇಳಿದರೆ ಅಕ್ಕನಿಗೆ ಹೊಟ್ಟೆ ತುಂಬುತ್ತಿತ್ತು. ಹತ್ತುವಾಗ ಎರಡನೇ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿ ಉಸಿರು ಬಿಡುತ್ತಿದ್ದದ್ದನ್ನು ಯಾರಿಗೂ ಹೇಳಲಿಲ್ಲ.

ಕಾಲು ವಾಸಿಯಾಯಿತು. ಅಲ್ಲಿಂದಲೇ ಎಲ್ಲ ಹಾಳಾಗಿದ್ದು.

ಮೊದಮೊದಲು ಪುಟ್ಟಿ ಸಂಜೆಗೆ ಬಾವು ಬರುತ್ತದೆ ಎಂದು ಗೊಣಗುತ್ತಿದ್ದಳು, ಅಕ್ಕನಿಗೆ ಸಮಾಧಾನವಿತ್ತು. ಬರುಬರುತ್ತ ಬಾವು ಇಳಿಯಿತು. ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ಬದಲಾಯಿತು. ಮೊದಲು ಎಳೆದು ಎಳೆದು ಇಡುವ ಹೆಜ್ಜೆ, ಪುಟ್ಟಿ ಬಂದಳು ಎಂದು ಅಕ್ಕ ಕೋಣೆಯಲ್ಲಿ ಕೂತೇ ಹೇಳಬಹುದಿತ್ತು. ಈಗ ಟಕಟಕ ಎಂದು ಯಾರೋ ಹುಡುಗಿ ಇಳಿದ ಹಾಗೆ ಇಳಿಯುತ್ತಿದ್ದಳು. ಒಂದು ಸಂಜೆ ಅಕ್ಕ ಬಿಸಿನೀರು ಹೊಯ್ದು ಕಾದಳು. ಪುಟ್ಟಿ ಬಾಗಿಲಲ್ಲಿ ಇಣುಕಿ, “ಇವತ್ತು ಬೇಡ ಅಕ್ಕಾ. ನೆನೆಹಾಕೋಕೆ ಅಂಥದ್ದೇನಿದೆ ಈಗ?” ಎಂದು ನಕ್ಕು ಹೋದಳು. ಅಕ್ಕ ಒಬ್ಬಳೇ ಕಾಲಿಟ್ಟು ಕೂತಳು. ಟಬ್ಬು ಅಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಸಹಿಸುತ್ತಿದ್ದಳೋ ಏನೋ. ಆ ವಾರವೇ ಕಿಟಕಿಯ ಮುಂದೆ ಎರಡು ಜೋಡಿ ಕಾಲುಗಳು ಬಿರಬಿರನೆ ಹಾದುಹೋದವು. ಒಂದು ಪುಟ್ಟಿಯದು, ಇನ್ನೊಂದು ಔಷಧಿ ಅಂಗಡಿಯವಳದು. ಅದೇ ಜಂಬದ ಹೆಂಗಸು, ಟಬ್ಬಿನಲ್ಲಿ ಕಾಲಿಟ್ಟು ಅಕ್ಕ ತಂಗಿ ಸೇರಿ ಆಡಿಕೊಂಡಿದ್ದವಳು. ಇಬ್ಬರೂ ಈಗ ದಿನವೂ ಸಂಜೆ ಕೆರೆಯ ತನಕ ನಡೆದು ಬರುತ್ತಾರಂತೆ. ಕಿಟಕಿಯಿಂದ ಮುಖ ಕಾಣುತ್ತಿರಲಿಲ್ಲ, ಮೊಣಕಾಲಿನ ಕೆಳಗಷ್ಟೇ ಕಾಣುತ್ತಿತ್ತು. ಅಷ್ಟೇ ಸಾಕಾಗಿತ್ತು. ನಗುವಿನ ಸದ್ದು ಬೇರೆ. ತಮ್ಮ ಟಬ್ಬಿನ ಮಾತುಗಳೆಲ್ಲ ಈಗ ಕೆರೆಯ ದಂಡೆಯಲ್ಲಿ ಖರ್ಚಾಗುತ್ತಿವೆ, ಬಹುಶಃ ತನ್ನನ್ನೂ ಆಡಿಕೊಳ್ಳುತ್ತಿರಬಹುದು ಎಂದು ಅಕ್ಕನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

“ಅವಳ ಜೊತೆ ಏನೇ ನಿಂದು?” ಎಂದು ಕೇಳಿಯೇಬಿಟ್ಟಳು.

“ಒಳ್ಳೆಯವಳು ಕಣೇ ಅಕ್ಕಾ, ನಾವೇ ತಪ್ಪು ತಿಳ್ಕೊಂಡಿದ್ವಿ.”

“ನಾವು ಅನ್ಬೇಡ. ನಾನು ಸರಿಯಾಗೇ ತಿಳ್ಕೊಂಡಿದೀನಿ.”

ಪುಟ್ಟಿ ಕತ್ತಲೆಯಿಂದ ಬಿಸಿಲಿಗೆ ಬಂದ ಹಾಗಿದ್ದಳು. ಮೊದಲು ಅಂಗಡಿಯಲ್ಲಿ ಸಂಜೆಯಾಗುತ್ತಲೇ ಗಿರಾಕಿಗಳ ಮೇಲೆ ಸಿಡುಕುತ್ತಿದ್ದವಳು ಈಗ ಹಾಡು ಗುನುಗುತ್ತಾಳೆಂದು ಅವಳ ಗಂಡನೇ ಹೇಳಿದ. ಕಾಲು ಕೆರೆದು ಜಗಳಕ್ಕೆ ಬರುವುದನ್ನೂ ಬಿಟ್ಟಿದ್ದಾಳಂತೆ. ಅಕ್ಕನಿಗೆ ಅದೂ ಸೇರಲಿಲ್ಲ. ಸುಖವಾಗಿರುವವರನ್ನು ದಿನವೂ ನೋಡುವುದು ಸುಲಭದ ಕೆಲಸವಲ್ಲ. ಅಕ್ಕ ಅದಕ್ಕೆ ಹೇಳಿ ಮಾಡಿಸಿದ ಹೆಂಗಸೂ ಅಲ್ಲ.

ಒಂದು ರಜೆಯ ದಿನ ಪಾರ್ಸೆಲ್ ತಂದವನು ಮಹಡಿ ಹತ್ತಲು ಸೋಮಾರಿತನ ಬಂದು ಪುಟ್ಟಿಯ ಪೆಟ್ಟಿಗೆಯನ್ನು ಅಕ್ಕನ ಕೈಗೆ ತುರುಕಿ ಹೋದ. ಮೇಲೆ ಚಿತ್ರವಿತ್ತು, ಒಳಗೆ ಜೋಡು ಎಂದು ಗೊತ್ತಾಯಿತು. ಕೊಟ್ಟು ಬಂದಿದ್ದರೆ ಆಗುತ್ತಿತ್ತು. ಅಕ್ಕ ಬಾಗಿಲು ಹಾಕಿ ಪೆಟ್ಟಿಗೆ ಬಿಚ್ಚಿದಳು. ಗಾಢ ಕೆಂಪು ಬಣ್ಣ, ಮುಂದೆ ಕಿರಿದಾದ ಮೂತಿ, ಪಾದದ ಮೇಲೆ ತೆಳ್ಳನೆಯ ಪಟ್ಟಿ. ಇಂಥದ್ದನ್ನು ಅಂಗಡಿಯ ಗಾಜಿನಾಚೆಗೆ ಬಿಟ್ಟು ಅವರಿಬ್ಬರೂ ಎಂದೂ ನೋಡಿದವರಲ್ಲ. ಗಂಡಸರ ಅಗಲ ಚಪ್ಪಲಿಯೇ ಅವರಿಗೆ ಗತಿಯಾಗಿತ್ತು.

ಅಕ್ಕ ಮಂಚದ ಮೇಲೆ ಕೂತು ಬಲಗಾಲನ್ನು ತೂರಿಸಿದಳು. ಬೆರಳುಗಳು ಒಳಗೆ ಹೋದವು, ಗಂಟು ಪಟ್ಟಿಯ ಹತ್ತಿರ ಬಂದು ನಿಂತಿತು. ಬಿಡಬೇಕಿತ್ತು. ಅವಳು ಹಲ್ಲು ಕಚ್ಚಿ ಒತ್ತಿದಳು, ದಿನಾ ಪೆಡಲ್ ಒತ್ತುವ ಕಾಲಲ್ಲವೇ. ಗಂಟು ಒಳಗೆ ಹೋಯಿತು, ಕಣ್ಣಲ್ಲಿ ನೀರು ಬಂತು, ಪಟ್ಟಿಯ ಹೊಲಿಗೆ ಪಟ್ ಎಂದಿತು. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಟಕಟಕ ಸದ್ದು. ಜೋಡು ಬಿಚ್ಚಲು ಬರುತ್ತಿಲ್ಲ. ಅಕ್ಕ ಹೊದಿಕೆ ಎಳೆದುಕೊಂಡು ಮಲಗಿಬಿಟ್ಟಳು.

“ಅಕ್ಕಾ, ನಂದೊಂದು ಪಾರ್ಸೆಲ್ ಬಂತಾ?” ಪುಟ್ಟಿ ಬಾಗಿಲು ಬಡಿದಳು.

“ಇಲ್ಲ. ಹುಷಾರಿಲ್ಲ, ಮಲಗಿದೀನಿ. ಹೋಗು.”

ಹೋದಳು. ಒಳಗೆ ಬಂದು ಹಣೆ ಮುಟ್ಟಿ ನೋಡದೆ ಹೋದಳಲ್ಲ ಎಂದು ಅಕ್ಕನಿಗೆ ಅದಕ್ಕೂ ಸಂಕಟವಾಯಿತು. ಕೆಂಪು ಜೋಡನ್ನು ಸಾಬೂನು ನೀರು ಹಚ್ಚಿ ಬಿಡಿಸಿ, ಪಟ್ಟಿಯನ್ನು ಮೇಣದ ದಾರದಲ್ಲಿ ಒತ್ತೊತ್ತಾಗಿ ಹೊಲಿದು, ಸಂಜೆಗೆ “ಈಗ ಬಂತು ನೋಡು” ಎಂದು ಕೊಟ್ಟಳು. ಪುಟ್ಟಿ ಅಲ್ಲೇ ಹಾಕಿಕೊಂಡು ಕೋಣೆಯಲ್ಲಿ ಒಂದು ಸುತ್ತು ತಿರುಗಿದಳು. “ಹೇಗಿದೆ?” ಎಂದಳು. “ನಿನ್ನ ವಯಸ್ಸಿಗೆ ಕೆಂಪು,” ಎಂದಳು ಅಕ್ಕ. ಪುಟ್ಟಿಯ ಮುಖ ಸಣ್ಣದಾಯಿತು. ಅಕ್ಕನಿಗೆ ಸ್ವಲ್ಪ ಹೊತ್ತು ಹಿತವಾಗಿತ್ತು, ಆಮೇಲೆ ಇರಲಿಲ್ಲ.

ಫೋನು ಬಂದದ್ದು ಅದಾದ ಕೆಲವು ದಿನಗಳಿಗೆ, ಲಾಂಡ್ರಿಯಲ್ಲಿ, ಊಟದ ಬಿಡುವಿನಲ್ಲಿ. ಅಕ್ಕ ಯಂತ್ರದ ಹಿಂದೆ ಸ್ಟೂಲಿನ ಮೇಲೆ ಕೂತು, ಚಪ್ಪಲಿ ಬಿಚ್ಚಿ, ತಣ್ಣನೆಯ ನೆಲಕ್ಕೆ ಪಾದ ಒತ್ತಿದ್ದಳು.

“ಆಸ್ಪತ್ರೆಯಿಂದ ಮಾತಾಡ್ತಿದೀನಮ್ಮ,” ಎಂದಿತು ಒಂದು ಎಳೆಯ ದನಿ. “ಆರು ತಿಂಗಳ ಹಿಂದೆ ಕಾಲಿನ ಆಪರೇಷನ್ ಮಾಡಿಸ್ಕೊಂಡಿದ್ರಲ್ಲ, ಅವರೇ ಅಲ್ವಾ?”

ಅಲ್ಲ, ಅದು ನನ್ನ ತಂಗಿ ಎಂಬ ಮಾತು ಅಕ್ಕನ ಬಾಯಿಯವರೆಗೆ ಬಂದಿತ್ತು.

“ಹೊಸ ಕಾಲಿನ ಜೊತೆ ಜೀವನ ಹೇಗಿದೆ ಅಂತ ಎಲ್ಲರನ್ನೂ ಕೇಳ್ತಿದೀವಿ. ಎರಡು ನಿಮಿಷ ಅಷ್ಟೇ.”

ಹೊಸ ಕಾಲು! ಅದಕ್ಕೆ ಬೇರೆ ವಿಚಾರಣೆ! ಕಾಲು ಸರಿಹೋದವಳನ್ನು ಹೇಗಿದ್ದೀಯಮ್ಮ ಎಂದು ಫೋನು ಮಾಡಿ ಕೇಳುತ್ತಾರೆ, ಕಾಲು ಹಾಳಾದವಳನ್ನು ಕೇಳುವವರಿಲ್ಲ. ಅಕ್ಕನ ಮೈಯೆಲ್ಲ ಉರಿಯಿತು.

“ಹೂಂ, ನಾನೇ,” ಎಂದಳು.

“ಆಪರೇಷನ್ ತೃಪ್ತಿ ಕೊಟ್ಟಿದೆಯಾ?”

“ಏನು ಮಣ್ಣು ತೃಪ್ತಿ.”

ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಪುಟ್ಟಿಯ ಕೆಂಪು ಜೋಡಿಗೆ ಒಂದು ಮಸಿ ಬಳಿದ ಖುಷಿ.

“ನಿಂತಾಗ ನೋವಿದೆಯಾ?”

“ಇದೆ. ಮಧ್ಯಾಹ್ನ ಆಗೋ ಹೊತ್ತಿಗೆ ಪಾದ ನಂದಲ್ಲ ಅನ್ಸುತ್ತೆ.” ಇದು ಹೇಳುತ್ತಿದ್ದಂತೆ ತಾನು ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಹೊಳೆಯಿತು. ಆದರೂ ನಿಲ್ಲಿಸಲಿಲ್ಲ.

“ರಾತ್ರಿ ನಿದ್ದೆ?”

“ಹೊದಿಕೆ ತಾಗಿದ್ರೂ ಎಚ್ಚರ ಆಗುತ್ತೆ. ಕಾಲು ಹೊರಗೆ ಹಾಕ್ಕೊಂಡು ಮಲಗ್ತೀನಿ. ಚಳಿಗಾಲದಲ್ಲೂ.”

“ಮೆಟ್ಟಿಲು ಹತ್ತೋದು?”

“ಹತ್ತಿದೀನಮ್ಮ. ಮೂರು ಮಹಡಿ, ದಿನಕ್ಕೆ ಮೂರು ಸಲ. ಮಧ್ಯದಲ್ಲಿ ಕೂತು ಕೂತು. ಯಾರಾದ್ರೂ ಬಂದ್ರೆ ಚಪ್ಪಲಿ ಕಿತ್ತೋಯ್ತು ಅಂತ ಹೇಳ್ತಿದ್ದೆ.”

“ಕಾಲಿನ ದೆಸೆಯಿಂದ ಎಲ್ಲಿಗಾದ್ರೂ ಹೋಗೋದು ಬಿಟ್ಟಿದೀರಾ?”

ಮುಂದಿನ ಕೋಣೆಯಲ್ಲಿ ಮಾಲೀಕ ಯಾರ ಜೊತೆಗೋ ನಗುತ್ತಿದ್ದ. “ಕೆರೆಯ ತನಕ ಹೋಗ್ಬೇಕು ಅಂತಿದೆ,” ಎಂದಳು ಅಕ್ಕ. “ಜೊತೆಗೆ ಹೋಗೋರು ಜೋರಾಗಿ ನಡೀತಾರೆ. ನನ್ನ ಕರೆಯಲ್ಲ. ಕರೆದ್ರೂ ಹಿಂದೆ ಬೀಳ್ತೀನಿ. ಅದಕ್ಕೇ ಕಿಟಕೀಲಿ ನೋಡ್ತಾ ಕೂತಿರ್ತೀನಿ.”

ದನಿ ಈಗ ಮೆತ್ತಗಾಗಿತ್ತು. “ಅಮ್ಮಾ, ಇಷ್ಟು ನೋವಿಟ್ಕೊಂಡು ಯಾಕೆ ಯಾರಿಗೂ ಹೇಳ್ಲಿಲ್ಲ?”

“ಯಾರು ಕೇಳಿದ್ರು?” ಎಂದಳು ಅಕ್ಕ. ದನಿ ಒಡೆಯಿತು. ಫೋನು ಇಟ್ಟು, ಇಸ್ತ್ರಿ ಆಗದ ಯಾರದೋ ಶರ್ಟಿನ ತೋಳಿನಲ್ಲಿ ಮುಖ ಒರೆಸಿಕೊಂಡಳು.

ಮಾರನೇ ದಿನ ಬೆಳಗ್ಗೆ ಬೀದಿಯಲ್ಲಿ ಬ್ರೆಡ್ಡಿನ ವ್ಯಾನು ಕಿರ್ರನೆ ನಿಂತಿತು. ಪುಟ್ಟಿಯ ಗಂಡ ಮೆಟ್ಟಿಲು ಹಾರಿಕೊಂಡು ಹತ್ತಿದ. ಆಸ್ಪತ್ರೆಯವರು ಗಾಬರಿಯಾಗಿ ಮೊದಲ ನಂಬರಿಗೆ ಮಾಡಿ, ಅಕ್ಕ ಎತ್ತದೇ ಇದ್ದದ್ದಕ್ಕೆ ಎರಡನೆಯದಕ್ಕೆ ಮಾಡಿದ್ದರು. “ಪುಟ್ಟೀ, ನಿನ್ನ ಕಾಲು ಪೂರಾ ಕೆಟ್ಟೋಗಿದೆಯಂತೆ! ತಕ್ಷಣ ಕರ್ಕೊಂಡು ಬನ್ನಿ ಅಂದ್ರು!” ಎಂದು ಅವನು ಕೂಗಿದ್ದು ನೆಲಮಹಡಿಯವರೆಗೂ ಕೇಳಿತು. “ಕಾಲು ಚೆನ್ನಾಗೇ ಇದೆಯಲ್ರೀ,” ಎಂದು ಪುಟ್ಟಿ ಹೇಳುತ್ತಿದ್ದರೂ ಅವನು ಎಳೆದುಕೊಂಡು ಹೋದ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಒಂದು ಮಾತು ಹೇಳಿದ್ದರೆ ಅವರ ದಿನ ಉಳಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಪುಟ್ಟಿ ಇನ್ನು ಈ ಬಾಗಿಲಲ್ಲಿ ಇಣುಕುವುದನ್ನೂ ಬಿಡುತ್ತಾಳೆ ಎಂಬ ಹೆದರಿಕೆ. ಅಂದು ಲಾಂಡ್ರಿಯಲ್ಲಿ ಮೊದಲ ಬಾರಿಗೆ ಒಂದು ಶರ್ಟಿನ ಬೆನ್ನು ಸುಟ್ಟಳು.

ಸಂಜೆ ಮೆಟ್ಟಿಲ ಮೇಲೆ ಟಕಟಕ ಸದ್ದಿರಲಿಲ್ಲ. ಹೆಜ್ಜೆಗಳು ನಿಧಾನವಾಗಿ ಇಳಿದು ಅಕ್ಕನ ಬಾಗಿಲಲ್ಲಿ ನಿಂತವು. ಪುಟ್ಟಿ ಒಳಗೆ ಬಂದು, ಮೂಲೆಯಲ್ಲಿ ಬೋರಲು ಹಾಕಿದ್ದ ನೀಲಿ ಟಬ್ಬನ್ನು ತೆಗೆದು ನೀರು ಕಾಯಿಸಿ ಹೊಯ್ದಳು, ಉಪ್ಪು ಹಾಕಿದಳು. ಕೂತಳು. ಎರಡೂ ಕಾಲು ಇಳಿಬಿಟ್ಟಳು.

“ಇಡು,” ಎಂದಳು.

ಅಕ್ಕ ಇಟ್ಟಳು.

“ಇಡೀ ದಿನ ಕೂರಿಸಿದ್ರು. ಎಕ್ಸ್‌ರೇ ತೆಗೆದ್ರು, ಒತ್ತಿ ನೋಡಿದ್ರು, ನಡೆಸಿ ನೋಡಿದ್ರು. ಕಾಲು ಬಂಗಾರದ ಹಾಗಿದೆಯಲ್ಲಮ್ಮ ಅಂತಾರೆ ಡಾಕ್ಟ್ರು. ಆ ನರ್ಸ್ ಹುಡುಗಿ ಮಾತ್ರ ನನ್ನ ಕೈ ಹಿಡ್ಕೊಂಡು, ನಿನ್ನೆ ನೀವೇ ಅತ್ತಿರಲ್ಲ ಅಂತಾಳೆ. ಹೊದಿಕೆ ತಾಗಿದ್ರೂ ಎಚ್ಚರ ಆಗುತ್ತಂತೆ ನಂಗೆ. ಮೆಟ್ಟಿಲ ಮೇಲೆ ಕೂತ್ಕೋತೀನಂತೆ.” ಪುಟ್ಟಿ ಅಕ್ಕನನ್ನು ದಿಟ್ಟಿಸಿದಳು. “ಕಿಟಕೀಲಿ ನೋಡ್ತಾ ಕೂತಿರ್ತೀನಂತೆ. ಆ ಮಾತು ಕೇಳಿದಾಗ ಗೊತ್ತಾಯ್ತು, ಇದು ಯಾರ ಕಾಲು ಅಂತ.”

ಅಕ್ಕ ನೀರಿಗೆ ಇನ್ನೊಂದು ಹಿಡಿ ಉಪ್ಪು ಹಾಕಿದಳು.

“ಯಾಕೇ ಹಾಗೆ ಹೇಳಿದೆ?”

“ಹೊಟ್ಟೆಕಿಚ್ಚು ಕಣೇ,” ಎಂದಳು ಅಕ್ಕ. “ನಿನ್ನ ಕಾಲು ಕಂಡ್ರೆ ಉರಿಯುತ್ತೆ ನಂಗೆ. ನಿನ್ನ ನಡಿಗೆ ಕೇಳಿದ್ರೆ ಉರಿಯುತ್ತೆ. ಅದು ಕೆಟ್ಟೋಗ್ಲಿ, ಗಂಟು ವಾಪಸ್ ಬರ್ಲಿ, ಇಲ್ಲಿ ಬಂದು ಕೂತ್ಕೊಳ್ಳಿ ಅಂತ ಎಷ್ಟು ಸಲ ಅಂದ್ಕೊಂಡಿದೀನೋ. ಸಾಕಾ?”

ಪುಟ್ಟಿಗೆ ಸಿಟ್ಟು ಬಂದಿತ್ತು, ಮೂಗಿನ ತುದಿ ಕೆಂಪಾಗಿತ್ತು. ಅವಳು ಬಾಗಿ ಅಕ್ಕನ ಕೈ ಹಿಡಿದು ನೀರಿನೊಳಗೆ ತನ್ನ ಬಲಪಾದದ ಮೇಲೆ, ಗಾಯದ ಗೆರೆಯ ಪಕ್ಕದಲ್ಲಿ ಇಟ್ಟಳು.

“ಚಿವುಟು.”

“ಏನು?”

“ಚಿವುಟೇ, ಹೊಟ್ಟೆಕಿಚ್ಚು ತೀರೋ ಹಾಗೆ.”

ಅಕ್ಕ ಚಿವುಟಿದಳು. ಸ್ವಲ್ಪ ಜೋರಾಗಿಯೇ. ಪುಟ್ಟಿ ಅಲುಗಲಿಲ್ಲ.

“ಇಷ್ಟು ಜಾಗ ನಂಗೆ ಗೊತ್ತೇ ಆಗಲ್ಲ. ಆಪರೇಷನ್ ಆದಾಗ್ಲಿಂದ ಮರಗಟ್ಟಿದೆ, ಹೀಗೇ ಇರಬಹುದು ಅಂದ್ರು ಡಾಕ್ಟ್ರು. ಬೆರಳೂ ಪೂರ್ತಿ ಮಡಚೋಕಾಗಲ್ಲ.”

“ಮತ್ತೆ ನಾನು ಎಣ್ಣೆ ತಿಕ್ತಿದ್ನಲ್ಲ, ಇಲ್ಲೇ. ಹಾಯಾಗಿದೆ ಹಾಯಾಗಿದೆ ಅಂತಿದ್ದೆ?”

“ನಿನ್ನ ಮುಖ ನೋಡಿ ಅಂತಿದ್ದೆ.”

ಅಕ್ಕ ಕೈ ತೆಗೆದುಕೊಳ್ಳಲಿಲ್ಲ. ಅಷ್ಟು ದಿನ ತಾನು ತಿಕ್ಕಿದ್ದೆಲ್ಲ ಆ ಕಾಲಿಗೆ ತಲುಪಿರಲೇ ಇಲ್ಲ. ತಲುಪಿದ ಹಾಗೆ ಇವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು, ದಿನಾ.

“ಕೆಂಪು ಜೋಡಿನ ಪಟ್ಟಿ ಹೊಲಿದಿದ್ದೂ ಗೊತ್ತು,” ಎಂದಳು ಪುಟ್ಟಿ. “ಅಂಗಡಿಯೋರು ಅಷ್ಟು ಗಟ್ಟಿಯಾಗಿ ಹೊಲಿದಿದ್ರೆ ಯಾವತ್ತೋ ಮುಳುಗೋಗ್ತಿದ್ರು.”

ಅಕ್ಕ ಬಂದ ನಗುವನ್ನು ತಡೆದುಕೊಂಡಳು. ನಗುವ ಹೊತ್ತು ಇದಲ್ಲ ಎಂದು ಅವಳಿಗೆ ಇನ್ನೂ ಅನ್ನಿಸುತ್ತಿತ್ತು.

“ಗುರುವಾರ ಬರೋಕೆ ಹೇಳಿದಾರೆ,” ಎಂದಳು ಪುಟ್ಟಿ. “ಅತ್ತಿದ್ದು ನಮ್ಮಕ್ಕ ಅಂತ ಹೇಳ್ದೆ, ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ ಅಂದ್ರು.”

“ನಂದೇನು ಮಹಾ...” ಎಂದು ಶುರು ಮಾಡಿದ ಅಕ್ಕ ಅಲ್ಲಿಗೇ ನಿಲ್ಲಿಸಿದಳು. “ಕೊಯ್ಸಿಕೊಂಡು ಬಂದ್ರೆ ನಂಗ್ಯಾರೇ ಮಾಡ್ತಾರೆ?”

“ನಾನು ಮಾಡ್ತೀನಿ. ನಿನ್ನಷ್ಟು ಚೆನ್ನಾಗಿ ಅಲ್ಲ. ಆದ್ರೆ ಇಳಿದು ಬರೋಕೆ ನಂಗೀಗ ಕಾಲಿದೆ.”

ಇಷ್ಟು ಕೇಳಲು ಅಕ್ಕ ಆರು ತಿಂಗಳಿಂದ ಕಾದಿದ್ದಳು. ಕೇಳಿದ ಮೇಲೆ ಸುಮ್ಮನಿರಬಾರದೇ? ಅವಳ ಸ್ವಭಾವವೇ ಅದಲ್ಲ. ಟಬ್ಬಿನಲ್ಲಿದ್ದ ಮೂರು ಗಂಟುಗಳನ್ನೂ ಒಂದು ನೇರ ಪಾದವನ್ನೂ ನೋಡುತ್ತ ಕೇಳಿದಳು:

“ನಾಳೆನೂ ಆ ಔಷಧಿ ಅಂಗಡಿಯವಳ ಜೊತೆ ಕೆರೆಗೆ ಹೋಗ್ತೀಯಾ?”

ಪುಟ್ಟಿ ಈ ಸಲ ಸುಳ್ಳು ಹೇಳಲಿಲ್ಲ. “ಹೋಗ್ತೀನಿ,” ಎಂದಳು.

ಅಕ್ಕನ ಹೊಟ್ಟೆಯಲ್ಲಿ ಮತ್ತೆ ಅದೇ ಕಿಚ್ಚು ಎದ್ದಿತು, ಇಷ್ಟೆಲ್ಲ ಆದ ಮೇಲೂ. ನೀರು ತಣ್ಣಗಾಗುತ್ತಿತ್ತು. ಅವಳು ಕೇಳಿದಳು:

“ಆಪರೇಷನ್ ಆದ್ಮೇಲೆ ಕೆರೆಯ ತನಕ ಅಷ್ಟು ಜೋರಾಗಿ ನಡೆಯೋಕೆ ಎಷ್ಟು ದಿನ ಬೇಕು?”

“ನಾಲ್ಕೈದು ತಿಂಗಳಾದ್ರೂ ಬೇಕು.”

“ಸರಿ. ಅಲ್ಲೀ ತನಕ ಅವಳ ಜೊತೆ ಹೋಗ್ತಿರು,” ಎಂದಳು ಅಕ್ಕ. “ಆಮೇಲೆ ನಾನು ನೋಡ್ಕೋತೀನಿ.”